ಅಪರಿಚಿತ ವಾಹನ

ಪತ್ರಿಕೆ ಓದುವವರಿಗೆಲ್ಲ ಬಹಳ ಪರಿಚಿತವಾದ ವಾಹನವೊಂದಿದೆ; ಅದರ ಹೆಸರೇ ‘ಅಪರಿಚಿತ ವಾಹನ’. ಅದು ಬೆಳಗಿನ ಜಾವ ಹೆದ್ದಾರಿಯಲ್ಲಿ ಕಾಣಿಸಿಕೊಳ್ಳುತ್ತದೆ; ಹಾಲಿನವನಿಗೋ ಕೂಲಿಯವನಿಗೋ ಡಿಕ್ಕಿ ಹೊಡೆಯುತ್ತದೆ; ಒಳಪುಟದ ನಾಲ್ಕು ಸಾಲುಗಳಲ್ಲಿ ಮಾಯವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ನಂಬರಿಲ್ಲ, ಯಜಮಾನನಿಲ್ಲ. ನಾವು ಕಾಫಿಯ ಲೋಟ ಕೆಳಗಿಟ್ಟು ‘ಪಾಪ!’ ಎನ್ನುತ್ತೇವೆ, ಪುಟ ತಿರುವುತ್ತೇವೆ.

ಇದರ ಸಂಚಾರಕ್ಕೆ ಸರ್ಕಾರದ ಲೆಕ್ಕವೇ ಇದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಗುದ್ದಿ ಓಡಿಹೋದ ಪ್ರಕರಣಗಳು 67,387; ಸತ್ತವರು 30,486 ಮಂದಿ.

2023ರ ಮಳೆಗಾಲದಲ್ಲಿ ನಮ್ಮ ಬೀದಿಯವನೊಬ್ಬನಿಗೂ ಅದು ಎದುರಾಯಿತು. ಮೂಲೆಯ ಹೊಂಗೆಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುತ್ತಿದ್ದವನು, ಇದ್ದಿಲು ತರಲು ಸೈಕಲ್ಲಿನಲ್ಲಿ ಹೊರಟು, ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ. ಗುದ್ದಿದ್ದು ಲಾರಿಯೋ ಕಾರೋ ಅವನಿಗೇ ತಿಳಿಯದು. ಕೆಲವು ತಿಂಗಳ ಮೇಲೆ, ವಾಹನ ಪತ್ತೆಯಾಗಿಲ್ಲವೆಂದು ಠಾಣೆಯಿಂದ ಒಂದು ಕಾಗದ ಬಂತು. ಅವನ ಹೆಂಡತಿ ಅದನ್ನು ಓದಿಸಲು ನನ್ನಲ್ಲಿಗೆ ತಂದಳು.

“ಗುದ್ದಿದೋರೇ ಸಿಗಲಿಲ್ಲ ಅಂದ್ಮೇಲೆ ಇನ್ಯಾರನ್ನ ಕೇಳೋದು ಮೇಷ್ಟ್ರೇ?” ಎಂದಳು.

ಅದು ಬರಿಯ ಗೋಳಲ್ಲ, ನ್ಯಾಯಶಾಸ್ತ್ರದ ಪ್ರಶ್ನೆಯೇ. 1946ರಿಂದ ನಮ್ಮಲ್ಲಿ ವಾಹನಕ್ಕೆ ವಿಮೆ ಕಡ್ಡಾಯ. ಅದು ವಾಹನದ ಕ್ಷೇಮಕ್ಕಲ್ಲ, ಅದಕ್ಕೆ ಸಿಕ್ಕಿ ನೊಂದವರ ಪರಿಹಾರಕ್ಕೆ. ನಂಬರಿನಿಂದ ಮಾಲೀಕ, ಮಾಲೀಕನಿಂದ ವಿಮಾ ಕಂಪನಿ, ಕಂಪನಿಯಿಂದ ಹಣ: ಇದೊಂದು ಸರಪಳಿ. ಮೊದಲ ಕೊಂಡಿಯಾದ ನಂಬರೇ ಇಲ್ಲದಿದ್ದರೆ?

ಪಕ್ಕದ ಮನೆಯ ವಕೀಲರನ್ನು ಕೇಳಿದೆ. ಅವರು 1988ರ ಮೋಟಾರು ವಾಹನ ಕಾಯಿದೆಯ 161ನೆಯ ಕಲಮನ್ನು ತೆರೆದು ತೋರಿಸಿದರು. ಗುದ್ದಿದವನು ಯಾರೆಂದು ತಿಳಿಯದಿದ್ದರೂ ಪರಿಹಾರ ಉಂಟು. ಸತ್ತವರ ಮನೆಯವರಿಗೆ ಹಿಂದೆ 25,000 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ ಎರಡು ಲಕ್ಷವಾಗಿದೆ. ತೀವ್ರ ಗಾಯಕ್ಕೆ 12,500 ಇದ್ದದ್ದು 50,000. ಹಣ ಬರುವುದು ವಿಮಾ ಕಂಪನಿಗಳೆಲ್ಲ ಸೇರಿ ಹಾಕುವ ನಿಧಿಯಿಂದ. ಆ ನಿಧಿಯ ಮೂಲ ನಾವು ಕಟ್ಟುವ ಪ್ರೀಮಿಯಂ.

ನನಗೆ ಇದು ಬಹಳ ಹಿಡಿಸಿತು. ನನ್ನ ಹಳೆಯ ಸ್ಕೂಟರಿನ ಲೆಕ್ಕದಿಂದಲೂ ಆ ಮುರಿದ ಕಾಲಿಗೆ ಒಂದು ಕಾಸು ಸಂದಿದೆ! ಓಡಿಹೋದ ಪುಣ್ಯಾತ್ಮ ವಿಮೆ ಕಟ್ಟಿದ್ದರೆ, ತನಗರಿವಿಲ್ಲದೆ ಅವನದೂ ಒಂದು ಕಾಸು. ನಿಲ್ಲುವ ಧೈರ್ಯವಿಲ್ಲದವನ ಕೈಯಿಂದಲೂ ಕಾಯಿದೆ ಧರ್ಮ ಮಾಡಿಸುತ್ತದೆ.

ಆದರೆ ಧರ್ಮಛತ್ರವಿದ್ದರೆ ಸಾಲದು, ಹಸಿದವನಿಗೆ ದಾರಿ ತಿಳಿದಿರಬೇಕು. 2022-23ರಲ್ಲಿ ಇಡೀ ದೇಶದಿಂದ ಈ ಪರಿಹಾರಕ್ಕೆ ಬಂದ ಅರ್ಜಿಗಳು ಕೇವಲ 205! ಇದನ್ನು ಕಂಡೇ ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಅಪ್ಪಣೆ ಮಾಡಿತು: ದೂರು ದಾಖಲಾಗಿ ಒಂದು ತಿಂಗಳಾದರೂ ವಾಹನದ ಗುರುತು ಸಿಗದಿದ್ದರೆ, ಇಂಥ ಪರಿಹಾರವಿದೆಯೆಂದು ಪೊಲೀಸರೇ ನೊಂದವರಿಗೆ ಬರೆದು ತಿಳಿಸತಕ್ಕದ್ದು. ಇಸ್ತ್ರಿಯವನ ಮನೆಗೆ ಬಂದಿದ್ದ ಕಾಗದದಲ್ಲಿ ಆ ಮಾತಿರಲಿಲ್ಲ.

ಅರ್ಜಿ ಬರೆದೆವು. ಠಾಣೆಯ ಕಾಗದ, ಆಸ್ಪತ್ರೆಯ ಚೀಟಿ, ಬ್ಯಾಂಕಿನ ಪುಸ್ತಕದ ನಕಲು ಲಗತ್ತಿಸಿ ತಾಲ್ಲೂಕು ಕಚೇರಿಗೆ ಕೊಟ್ಟೆವು. ಅಲ್ಲಿ ವಿಚಾರಣೆ, ಜಿಲ್ಲಾಧಿಕಾರಿಗಳಲ್ಲಿ ಮಂಜೂರಾತಿ. ನಾಲ್ಕಾರು ಸಲ ಅಲೆದ ಮೇಲೆ ಅವನ ಖಾತೆಗೆ 50,000 ರೂಪಾಯಿ ಬಂತು. ಅಡವಿಟ್ಟ ಓಲೆ ಬಿಡಿಸಿಕೊಂಡರು, ಬಾಡಿಗೆಯ ಬಾಕಿ ತೀರಿಸಿದರು. ಅಷ್ಟಕ್ಕೇ ಹಣ ಮುಗಿಯಿತು. ಅವನಿಗೆ ಈಗ ಬಹಳ ಹೊತ್ತು ನಿಲ್ಲಲಾಗದು. ಪೆಟ್ಟಿಗೆ ಹಿಡಿಯುವವಳು ಅವಳು. ಅವನು ಕುಳಿತು ಬಟ್ಟೆ ಮಡಿಸುತ್ತಾನೆ.

ಹಣ ಬಂದ ದಿನ ಅವಳು ಕೇಳಿದಳು: “ಕೊನೆಗೂ ಗುದ್ದಿದೋರೇ ಕೊಟ್ರಾ?”

“ಇಲ್ಲಮ್ಮ, ಗಾಡಿ ಇಟ್ಟವರೆಲ್ಲ ಸೇರಿ ಕೊಟ್ಟದ್ದು.”

ಅವಳು ಸ್ವಲ್ಪ ಯೋಚಿಸಿದಳು. “ಹಂಗಾರೆ ನಮ್ಮ ಯಜಮಾನ್ರು ಬದುಕವ್ರೆ ಅಂತ ಅವರಿಗೆ ಗೊತ್ತೇ ಇಲ್ಲ, ಅಲ್ವಾ?”

ಇದಕ್ಕೆ ಯಾವ ಕಲಮಿನಲ್ಲೂ ಉತ್ತರವಿಲ್ಲ. ಹಣದ ಹೊಣೆಯನ್ನು ಊರೆಲ್ಲ ಹಂಚಿಕೊಳ್ಳಬಹುದು. ನಿಂತು, ಇಳಿದು, ಬಿದ್ದವನ ತಲೆಯೆತ್ತಿ ಹಿಡಿಯುವ ಹೊಣೆ ಗುದ್ದಿದವನೊಬ್ಬನದೇ. ನಮ್ಮ ಕೈಯಲ್ಲಾಗುವುದು ಇನ್ನೊಂದು ಚಿಕ್ಕ ಕೆಲಸ. ‘ವಾಹನ ಪತ್ತೆಯಾಗಿಲ್ಲ’ ಎಂಬ ಕಾಗದ ಹಿಡಿದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ, ಅವರಿಗೆ ತಾಲ್ಲೂಕು ಕಚೇರಿಯ ದಾರಿ ತೋರಿಸಿ.