ಹಡಗಿನವನ ಮೇಲ್ವಿಳಾಸ

ಮನುಷ್ಯನಿಗೆ ಹೆಸರು ಒಮ್ಮೆ ದೊರೆತರೆ ಸಾಕು. ಮೇಲ್ವಿಳಾಸವನ್ನಾದರೋ ಅವನು ಮತ್ತೆ ಮತ್ತೆ ಸಂಪಾದಿಸಿಕೊಳ್ಳಬೇಕಾಗುತ್ತದೆ. ಹುಟ್ಟಿದ ಊರಿನಲ್ಲಿಯೇ ಬಾಳುವವನಿಗೆ ಈ ಮಾತಿನ ಅರ್ಥ ಬೇಗನೆ ಹೊಳೆಯಲಾರದು. ಅಂಚೆಯವನಿಗೆ ಅವನ ಮುಖವೇ ವಿಳಾಸ. ಆದರೆ ವರ್ಷದ ಬಹುಭಾಗವನ್ನು ಪರದೇಶದ ನೀರಿನ ಮೇಲೆ ಕಳೆಯುವವನ ಪಾಡೇನು? ಅವನಿಗೂ ಸರಕಾರವಿದೆ, ತೆರಿಗೆಯಿದೆ, ತೆರಿಗೆಯ ಕಾಗದಗಳಿವೆ. ಆ ಕಾಗದಗಳು ಯಾವ ಬಾಗಿಲಿಗೆ ಬರಬೇಕು?

ನನ್ನ ತಮ್ಮನು ಸರಕು ಹಡಗಿನಲ್ಲಿ ನೌಕರ. ನಮ್ಮ ಕಾಸರಗೋಡು ಸೀಮೆಯಿಂದ ಹಡಗಿಗೆ ಹೋದವರು ವಿರಳವಲ್ಲ. ಉದುಮ, ಪಾಲಕುನ್ನುಗಳ ಕಡೆ ಅಂತಹ ಮನೆಗಳು ಹಲವಿವೆ. ಒಮ್ಮೆ ಹಡಗು ಹತ್ತಿದನೆಂದರೆ ಏಳೆಂಟು ತಿಂಗಳು ಅವನು ನಮಗೆ ದೂರವಾಣಿಯ ಧ್ವನಿ ಮಾತ್ರ. ಅವನ ಹೆಂಡತಿ ಮಕ್ಕಳು ಮಂಗಳೂರಿನ ಬಾಡಿಗೆ ಮನೆಯಲ್ಲಿ. ಅಮ್ಮ ಊರಿನ ಹಳೆಯ ಮನೆಯಲ್ಲಿ. ನಾನು ಅಲ್ಲಿಂದ ಆರು ಕಿಲೋಮೀಟರು ದೂರದಲ್ಲಿ, ಶಾಲೆಯ ಸಮೀಪ.

ಎರಡು ವರ್ಷಗಳ ಹಿಂದೆ ಅವನ ಹೆಸರಿಗೆ ತೆರಿಗೆ ಬಾಕಿಯ ನೋಟೀಸೊಂದು ಬಂದಿತು. ಬಂದುದು ಅವರು ಬಿಟ್ಟುಹೋಗಿದ್ದ ಹಿಂದಿನ ಬಾಡಿಗೆ ಮನೆಗೆ. ಹೊಸದಾಗಿ ಬಂದವರು ಅದನ್ನು ಕಿಟಕಿಯ ಮೇಲಿಟ್ಟು ಮರೆತರು. ಅದೇ ನೋಟೀಸು ಮಿಂಚಂಚೆಯಲ್ಲಿಯೂ ಬಂದಿತ್ತು. ಆದರೆ ಹಿಂದೊಮ್ಮೆ ರಿಟರ್ನು ತುಂಬಿಸಿಕೊಟ್ಟವನ ಖಾತೆಗೆ! ತಮ್ಮನ ಹೆಂಡತಿಯ ಕೈಗೆ ಕಾಗದ ಸೇರುವಾಗ ನಲವತ್ತು ದಿನ ಕಳೆದಿತ್ತು. ಮೇಲ್ಮನವಿಗೆ ಇದ್ದ ಅವಧಿ 30 ದಿನ. ಹಡಗು ನಡುಗಡಲಿನಲ್ಲಿ. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸಬಹುದೆಂಬ ವಿಧಿಯಿದ್ದುದರಿಂದ ಕಾರ್ಯ ಕೆಡಲಿಲ್ಲ. ಆದರೂ ಆ ಒಂದು ತಿಂಗಳು ಆ ಹುಡುಗಿ ಸರಿಯಾಗಿ ಉಣ್ಣಲಿಲ್ಲ.

ಅನಂತರ ತಮ್ಮನು ಯಾವುದೋ ಬಂದರಿನಿಂದ ಕೇಳಿದ: “ಅಣ್ಣಾ, ಇನ್ನು ಮೇಲೆ ಯಾವ ವಿಳಾಸ ಕೊಡಲಿ? ಊರಿನ ವಿಳಾಸ ಕೊಟ್ಟರೆ ನಾನು ಊರಿನಲ್ಲಿಯೇ ಇದ್ದೇನೆಂದು ತಿಳಿದು ಹಡಗಿನ ಸಂಬಳಕ್ಕೂ ತೆರಿಗೆ ಹಾಕುವರೇ?”

ಈ ಭಯ ಹಲವರಿಗಿದೆ, ಆದರೆ ಆಧಾರವಿಲ್ಲದ್ದು. ನಿವಾಸಿಯೋ ಅನಿವಾಸಿಯೋ ಎಂಬುದನ್ನು ಕಾನೂನು ವಿಳಾಸದಿಂದ ತೀರ್ಮಾನಿಸುವುದಿಲ್ಲ, ದಿನಗಳನ್ನು ಎಣಿಸಿ ತೀರ್ಮಾನಿಸುತ್ತದೆ. ಹಡಗಿನ ಕೆಲಸಕ್ಕೆಂದು ದೇಶ ಬಿಡುವ ಭಾರತೀಯನು ಆ ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿ ಇರಲಿಲ್ಲವಾದರೆ ಸಾಮಾನ್ಯವಾಗಿ ಅನಿವಾಸಿಯೇ. ವಿದೇಶಯಾನದ ಹಡಗಿನ ನೌಕರರ ವಿಷಯದಲ್ಲಿ, ಸಿ.ಡಿ.ಸಿ. ಎಂಬ ಅವರ ಪುಸ್ತಕದಲ್ಲಿ ಹಡಗು ಹತ್ತಿದ ಮತ್ತು ಇಳಿದ ತಾರೀಖುಗಳನ್ನು ನೋಡಿ ಲೆಕ್ಕ ಹಾಕಬೇಕೆಂದು 2015ರಲ್ಲಿ ನಿಯಮವಾಯಿತು. 1961ರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಜಾರಿಗೆಂದು 2025ರ ಕಾಯಿದೆ ಬಂದಾಗಲೂ ದಿನ ಎಣಿಸುವ ಮೂಲತತ್ತ್ವ ಬದಲಾಗಲಿಲ್ಲ. ಹಾಗಾದರೆ ವಿಳಾಸವೇಕೆ? ಕಾಗದ ತಲುಪುವುದಕ್ಕೆ, ಅಷ್ಟೇ.

ಆದರೆ ಆ ‘ಅಷ್ಟೇ’ ಎಂಬುದು ಸಣ್ಣ ವಿಷಯವಲ್ಲ. ಪ್ಯಾನ್ ದಾಖಲೆಯಲ್ಲಿರುವ ವಿಳಾಸ, ರಿಟರ್ನಿನಲ್ಲಿ ಬರೆದ ವಿಳಾಸ, ಇವುಗಳಲ್ಲಿ ಯಾವುದಕ್ಕಾದರೂ ನೋಟೀಸು ಕಳುಹಿಸಬಹುದೆಂದು 1962ರ ನಿಯಮಾವಳಿ ಕ್ರಮಪಡಿಸಿತು. ಅಲ್ಲಿ ತಲುಪದಿದ್ದರೆ ಬ್ಯಾಂಕು, ಅಂಚೆ ಕಚೇರಿ, ವಿಮಾ ಸಂಸ್ಥೆಗಳಲ್ಲಿರುವ ವಿಳಾಸವನ್ನೂ ಹುಡುಕಬಹುದೆಂದು 2017ರಲ್ಲಿ ಸೇರಿಸಲಾಯಿತು. ಆದುದರಿಂದ ಒಂದೊಂದು ಕಡೆ ಒಂದೊಂದು ವಿಳಾಸವಿಟ್ಟವನು ಒಂದೊಂದು ಬಾಗಿಲಲ್ಲಿಯೂ ಕಾವಲು ಕೂರಬೇಕಾಗುತ್ತದೆ.

ನಾವು ಒಂದೊಂದನ್ನೇ ತೂಗಿ ನೋಡಿದೆವು. ಹಡಗು ಕಂಪನಿಯ ಮುಂಬಯಿ ಕಚೇರಿ: ಕೆಲಸ ಬದಲಾದರೆ ವಿಳಾಸವೂ ಹೋಯಿತು. ಲೆಕ್ಕ ಬರೆಯುವವರ ಕಚೇರಿ: ಅವರಿಗೆ ನೂರು ಜನರ ಕಾಗದಗಳು. ಮಂಗಳೂರಿನ ಮನೆ: ಮಾಲಿಕರು ಹೇಳಿದ ದಿನ ಬಿಡಬೇಕು. ಉಳಿದುದು ಊರಿನ ಮನೆ. ಅಲ್ಲಿಯೂ ತೊಡಕಿತ್ತು. ಅಮ್ಮನಿಗೆ ಬರುವುದು ಕನ್ನಡ ಮಾತ್ರ, ನೋಟೀಸು ಇಂಗ್ಲಿಷಿನದು. ಸಹಿ ಹಾಕಿ ತೆಗೆದುಕೊಂಡು ದೇವರ ಕೋಣೆಯಲ್ಲಿಟ್ಟರೆ ಗತಿಯೇನು? ಅದಕ್ಕಾಗಿ ನನ್ನ ಬಿಡಾರದ ವಿಳಾಸವನ್ನೇ ಕೊಡೋಣವೆಂದೆ.

ಅಮ್ಮ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಹೇಳಿದರು: “ಅವನು ಬರುವುದು ವರ್ಷಕ್ಕೊಮ್ಮೆ. ಅವನ ಹೆಸರಿಗೆ ಕಾಗದವಾದರೂ ಈ ಮನೆಗೆ ಬರಲಿ. ನನಗೆ ಓದಲು ಬಾರದಿದ್ದರೆ ನೀನಿಲ್ಲವೇ?”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಊರಿನ ಮನೆಯೇ ನಿಶ್ಚಯವಾಯಿತು. ಪ್ಯಾನ್, ರಿಟರ್ನು, ಬ್ಯಾಂಕು ಮೂರರಲ್ಲಿಯೂ ಅದೊಂದೇ ವಿಳಾಸ. ಮಿಂಚಂಚೆ ತಮ್ಮನದೇ, ಹಡಗು ಹತ್ತಿದ ಮೇಲೆ ಸತ್ತುಹೋಗುವ ದೂರವಾಣಿ ಸಂಖ್ಯೆಯನ್ನು ತೆಗೆಸಿ, ಸದಾ ಜೀವಂತವಾಗಿರುವ ಸಂಖ್ಯೆಯನ್ನು ಬರೆಸಿದೆವು. ಕಾಗದ ಬಂದ ದಿನವೇ ಅಮ್ಮ ನನಗೆ ತಿಳಿಸುವುದು, ನಾನು ಒಡೆದು ಓದಿ ಚಿತ್ರ ತೆಗೆದು ಹಡಗಿಗೆ ಕಳುಹಿಸುವುದು ಎಂದು ಗೊತ್ತುಮಾಡಿಕೊಂಡೆವು. ಅಗತ್ಯ ಬಿದ್ದರೆ ಬಂಧುವೊಬ್ಬನನ್ನು ಲಿಖಿತವಾಗಿ ಪ್ರತಿನಿಧಿಯನ್ನಾಗಿ ಮಾಡಲು ಕಾನೂನಿನಲ್ಲಿ ಅವಕಾಶವೂ ಇದೆ.

ವಿಳಾಸ ಬರೆಯಿಸುವಾಗ ಅಜ್ಜನ ಪೆಟ್ಟಿಗೆಯ ಹಳೆಯ ಲಕೋಟೆಗಳನ್ನು ನೋಡಿದೆ. 1956ರ ಮೊದಲಿನವುಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದಿತ್ತು. ಅನಂತರದವುಗಳಲ್ಲಿ ಕಣ್ಣೂರು ಜಿಲ್ಲೆ. 1984ರ ಮೇಲಿನವುಗಳಲ್ಲಿ ಕಾಸರಗೋಡು ಜಿಲ್ಲೆ. 1972ರಲ್ಲಿ ಪಿನ್ ಸಂಖ್ಯೆ ಬಂದಾಗ ನಮಗೆ ದೊರೆತುದು 6ರಿಂದ ಆರಂಭವಾಗುವಂತಹದು. ತಲಪಾಡಿ ದಾಟಿದರೆ 5. ಮನೆ ಮಾತ್ರ ಒಂದು ಅಂಗುಲವೂ ಕದಲಿಲ್ಲ. ವಿಳಾಸವನ್ನು ಬರೆಯುವವರು ಯಾರೋ. ಅದನ್ನು ಉಳಿಸಿಕೊಳ್ಳುವವರು ಬಾಗಿಲು ತೆರೆಯುವವರು.

ನಾಲ್ಕನೆಯ ತರಗತಿಯಲ್ಲಿ ನಾವು ಪತ್ರಲೇಖನ ಕಲಿಸುತ್ತೇವೆ. ಹೆಸರು, ಮನೆ, ಅಂಚೆ, ಜಿಲ್ಲೆ ಎಂದು ಮಕ್ಕಳು ಚೊಕ್ಕಟವಾಗಿ ಬರೆಯುತ್ತಾರೆ. ಅವರಲ್ಲಿ ಹಲವರ ತಂದೆಯಂದಿರು ಪರದೇಶದಲ್ಲಿದ್ದಾರೆ. ಈಗ ನಾನು ಅದರ ಕೆಳಗೆ ಇನ್ನೊಂದು ಗೆರೆ ಎಳೆಯಿಸಿ ಒಂದು ಪ್ರಶ್ನೆ ಕೇಳುತ್ತೇನೆ: “ನೀವಿಲ್ಲದಾಗ ನಿಮ್ಮ ಕಾಗದವನ್ನು ಒಡೆದು ಓದಿ ನಿಮಗೆ ತಿಳಿಸುವವರು ಯಾರು?” ಮಕ್ಕಳು ಯೋಚಿಸುತ್ತಾರೆ; ಹೆಚ್ಚಿನವರು ‘ಅಮ್ಮ’ ಎಂದು ಬರೆಯುತ್ತಾರೆ. ಉತ್ತರಕ್ಕೆ ಪೂರ್ಣ ಅಂಕ ಕೊಡುತ್ತೇನೆ.