ಮರವೋ, ಬಿರುಕೋ?

ಚಂದ್ರಂಪಳ್ಳಿ, ಏಪ್ರಿಲ್. ಹೊತ್ತು ಮುಳುಗಿ ಅರ್ಧ ಗಂಟೆಯಾಗಿತ್ತು. ಜಲಾಶಯದ ಮೇಲಿನ ಗುಡ್ಡದಲ್ಲಿ ತೇಗದ ಮರಗಳು ಬೋಳು. ಟಾರ್ಚ್ ಹಾಯಿಸಿದೆ, ಕಾಂಡದ ಮೇಲಿನ ತೊಗಟೆ ಚಕ್ಕೆಯೊಂದು ಗೇಣುದ್ದ ಮೇಲಕ್ಕೆ ಸರಿಯಿತು. ಮರಹಲ್ಲಿ! ಬೂದು ಮೈ, ಬೆನ್ನ ಮೇಲೆ ಅಂಕುಡೊಂಕು ಕಪ್ಪು ಪಟ್ಟೆ. ನಿಂತರೆ ತೊಗಟೆ, ಓಡಿದರೆ ಹಲ್ಲಿ. ಪುಸ್ತಕದಲ್ಲಿ ಇದು ಹೆಮಿಡ್ಯಾಕ್ಟೈಲಸ್ ಲೆಶೆನಾಲ್ಟಿ. ದಕ್ಷಿಣ ಭಾರತದಲ್ಲಿ ಗಿಡಗಳನ್ನು ಕೂಡಿಸುತ್ತ ತಿರುಗಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆಶೆನೋನ ಹೆಸರನ್ನು 1836ರಲ್ಲಿ ದ್ಯುಮೆರಿಲ್ ಮತ್ತು ಬಿಬ್ರೋನ್ ಇದಕ್ಕೆ ಇಟ್ಟರು.

ಮರುದಿನ ಮಧ್ಯಾಹ್ನ ಅದೇ ಮರ. ಬಿಸಿಲಿಗೆ ಕಲ್ಲು ಮುಟ್ಟಲಾಗುತ್ತಿಲ್ಲ. ಎಲೆಯ ನೆರಳಿಲ್ಲದ ಮರದಲ್ಲಿ ಅದು ಎಲ್ಲಿ ಹೋಯಿತು? ಬಹಳ ಹೊತ್ತು ನೋಡಿದ ಮೇಲೆ ಎದ್ದ ತೊಗಟೆಯ ಸಂದಿಯಲ್ಲಿ ದಾರದಂಥ ಕಪ್ಪು ಗೆರೆ ಕಂಡಿತು. ಕಣ್ಣಿನ ಪಾಪೆ ಅದು. ರಾತ್ರಿ ಅಗಲವಾಗಿ ತೆರೆಯುವುದು ಹಗಲಲ್ಲಿ ಗೀರಿನಷ್ಟಾಗುತ್ತದೆ. ರೆಪ್ಪೆ ಇಲ್ಲ. ಧೂಳು ಕೂತರೆ ನಾಲಿಗೆಯಿಂದ ಕಣ್ಣನ್ನೇ ನೆಕ್ಕಿಕೊಳ್ಳುತ್ತದೆ. ತೊಗಟೆ ಎತ್ತಿ ನೋಡುವ ಆಸೆಯಾಯಿತು, ಎತ್ತಲಿಲ್ಲ. ಅದರ ಮನೆಗೆ ಇರುವ ಚಾವಣಿ ಅಷ್ಟೇ.

ಸೇಡಂ ಕಡೆಯ ಒಂದು ಹೊಲ. ತೊಗರಿ ಕೊಯ್ದು ಬರಿದಾದ ಕರಿ ಎರೆ. ಬದುವಿನ ಹಳೇ ಹುಣಸೆಯ ಪೊಟರೆಯಲ್ಲಿ ಮತ್ತೆ ಅದೇ ಹಲ್ಲಿ, ಮೂರು! ಚಂದ್ರಂಪಳ್ಳಿ ಇರುವ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಅದರ ಗಡಿಯಿಂದ ಇಷ್ಟು ದೂರ ಇವು ಬಂದದ್ದು ಹೇಗೆ? ಎರೆ ದಾಟಿಯೋ, ಸೌದೆ ಬಂಡಿ ಏರಿಯೋ? ಇಲ್ಲ, ಹುಣಸೆಯೇ ಹಳೆಯ ಕಾಡಿನ ಕೊನೆಯ ತುಂಡೋ?

ಚಿತ್ತಾಪುರದ ನಾಗಾವಿ, ಅರವತ್ತು ಕಂಬದ ಗುಡಿ. ಕಂಬಗಳ ಮೇಲೆ ಇದ್ದದ್ದು ಸಣ್ಣ ಚುಕ್ಕೆಹಲ್ಲಿ. ಮರಹಲ್ಲಿ ಒಂದೂ ಇಲ್ಲ. ಕಲ್ಲು ಇದಕ್ಕೆ ಒಗ್ಗದು ಎಂದು ಬರೆದುಕೊಂಡೆ.

ವಾಡಿ. ಗೋಡೆಗಳ ಮೇಲೆ ಸಿಮೆಂಟಿನ ನಯವಾದ ಧೂಳು. ಅದರ ಮೇಲೇ ಮನೆಹಲ್ಲಿ ತಲೆಕೆಳಗಾಗಿ ಓಡುತ್ತದೆ. ಅಂಟಿಲ್ಲ, ಅದರ ಬೆರಳಿನಡಿ ಇರುವುದು ಲಕ್ಷಾಂತರ ಸೂಕ್ಷ್ಮ ರೋಮ. ರೋಮಕ್ಕೂ ಗೋಡೆಗೂ ನಡುವಿನ ಅಣುಗಳ ಸೆಳೆತವೇ ಮೈಯ ಭಾರ ಹೊರುತ್ತದೆ ಎಂದು ಟೋಕೆ ಹಲ್ಲಿಯ ಕಾಲಿನಿಂದ 2002ರಲ್ಲಿ ವಿಜ್ಞಾನಿಗಳು ತೋರಿಸಿದರು. ಕೊಳೆಯಾದ ಪಾದ ಕೆಲವೇ ಹೆಜ್ಜೆಗಳಲ್ಲಿ ತಾನೇ ಶುಚಿಯಾಗುತ್ತದೆ ಎಂದು 2005ರಲ್ಲಿ ಗೊತ್ತಾಯಿತು. ಹಾಗಾದರೆ ಮರಹಲ್ಲಿಗೆ ನಯಗೋಡೆ ತಡೆಯಲ್ಲ. ನಾಗಾವಿಯಲ್ಲಿ ಬರೆದದ್ದರ ಪಕ್ಕ ಪ್ರಶ್ನೆ ಚಿಹ್ನೆ ಹಾಕಿದೆ.

ಶಹಾಬಾದ್, ಪರ್ಸಿ ಗಣಿಯ ಅಂಚು. ಒಂದರ ಮೇಲೊಂದು ಒಟ್ಟಿದ ಹಾಸುಗಲ್ಲು, ನಡುನಡುವೆ ಬೆರಳು ತೂರುವಷ್ಟು ಸಂದಿ. ಬಗ್ಗಿ ನೋಡಿದರೆ ಅದೇ ದಾರದಂಥ ಗೆರೆ, ಅದೇ ಕಪ್ಪು ಪಟ್ಟೆ. ಒಳಗೆ ಗಟ್ಟಿ ಚಿಪ್ಪಿನ ಎರಡು ಬಿಳಿ ಮೊಟ್ಟೆ. ಇಷ್ಟು ದಿನ ನಾನು ಮರ ಹುಡುಕುತ್ತಿದ್ದೆ. ಹಲ್ಲಿ ಹುಡುಕುತ್ತಿದ್ದದ್ದು ಬಿರುಕನ್ನೇ? ಹುಣಸೆಗೆ ಪೊಟರೆ ಬೀಳಲು ಎಷ್ಟೋ ತಲೆಮಾರು ಬೇಕು, ಪರ್ಸಿ ಒಟ್ಟಲು ಒಂದು ಬೆಳಗು ಸಾಕು. ಆದರೆ ಆ ಒಟ್ಟಿಲು ಲಾರಿ ಬರುವವರೆಗೆ ಮಾತ್ರ. ಅಲ್ಲಿ ಮೊಟ್ಟೆಯಿಟ್ಟ ತಾಯಿಗೆ ಅದು ಹೇಗೆ ಗೊತ್ತಾಗಬೇಕು!

“ಕಡೀತದರೀ, ವಿಷ ಅದ” ಎಂದು ಕಲ್ಲು ಎತ್ತುವವನು ಹಿಂದೆ ಸರಿದ. ನಮ್ಮ ದೇಶದಲ್ಲಿ ವಿಷದ ಹಲ್ಲಿಯೇ ಇಲ್ಲ ಎಂದೆ. ನಂಬಲಿಲ್ಲ. ಮೊಟ್ಟೆ ತೋರಿಸಿದೆ. ಒಂದು ಕ್ಷಣ ನೋಡಿ, “ಇರ್ಲಿ ಬಿಡ್ರಿ, ಈ ಸಾಲು ಆಮ್ಯಾಲ ಎತ್ತತೀವಿ” ಎಂದ.

ಎಂಟು ದಿನ ಬಿಟ್ಟು ಹೋದೆ. ಸುತ್ತಲಿನ ಸಾಲುಗಳೆಲ್ಲ ಖಾಲಿಯಾಗಿದ್ದವು. ಅದೊಂದು ಹಾಗೇ ಇತ್ತು.