ಗೋಡೆ ಎಷ್ಟು ಲೀಟರ್ ಕುಡಿಯುತ್ತದೆ?

ಪೇಂಟ್ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ "ಯಾವ ಬಣ್ಣ?" ಅದಕ್ಕೆ ನಮ್ಮ ಮನೆಯಲ್ಲಿ ಐದು ಜನರಿಂದ ಐದು ಉತ್ತರ ಸಿದ್ಧವಿತ್ತು. ಎರಡನೆಯ ಪ್ರಶ್ನೆ "ಎಷ್ಟು ಲೀಟರ್?" ಅದಕ್ಕೆ ಪೇಂಟರ್ ಅಣ್ಣ ಕೊಟ್ಟ ಉತ್ತರ ಒಂದೇ ಇತ್ತು: 24. ಚಾಚಾನಿಗೆ ಅದು ಹಿಡಿಸಲಿಲ್ಲ. "ಕೆಲವು ಡಬ್ಬಿಗಳಲ್ಲಿ ಪೇಂಟರಿಗೆ ಟೋಕನ್ ಇರುತ್ತದೆ, ಅದಕ್ಕೇ ಹೆಚ್ಚು ಹೇಳುತ್ತಾರೆ" ಎಂದರು. ಹಣವೋ ಅಮ್ಮಿಯದು, ಬ್ಲೌಸ್ ಹೊಲಿದು ಕೂಡಿಟ್ಟದ್ದು. ಕಾಮರ್ಸ್ ಓದುವವರು ಮನೆಯಲ್ಲಿದ್ದಾರಲ್ಲ ಎಂದು ಲೆಕ್ಕ ನನ್ನ ಪಾಲಿಗೆ ಬಂತು.

ಲೆಕ್ಕ ಕಷ್ಟದ್ದೇನಲ್ಲ. ಕೋಣೆಯ ಸುತ್ತಳತೆಯನ್ನು ಎತ್ತರದಿಂದ ಗುಣಿಸಿ, ಬಾಗಿಲು ಕಿಟಕಿಗಳನ್ನು ಕಳೆಯಬೇಕು. ಅಮ್ಮಿಯ ಹೊಲಿಗೆ ಟೇಪು ಹಿಡಿದೇ ಅಳೆದೆ. ಹಾಲ್ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಸುತ್ತಳತೆ 50, ಗೋಡೆ 500 ಚದರ ಅಡಿ. ಎರಡು ಬಾಗಿಲು, ಎರಡು ಕಿಟಕಿ ಸೇರಿ 74 ಹೋದರೆ ಉಳಿದದ್ದು 426. ಇನ್ನೆರಡು ಕೋಣೆಗಳು 363 ಮತ್ತು 383. ಒಟ್ಟು 1172 ಚದರ ಅಡಿ. ಸೀಲಿಂಗಿನ ಬಿಳಿ ಬಣ್ಣ ಬೇರೆ.

ನಾವು ನೋಡಿದ ಡಬ್ಬಿಯ ಮೇಲೆ, ಒಂದು ಕೋಟ್‌ಗೆ ಲೀಟರಿಗೆ 120ರಿಂದ 140 ಚದರ ಅಡಿ ಎಂದು ಬರೆದಿತ್ತು. ಎರಡು ಕೋಟ್ ಎಂದರೆ 2344 ಚದರ ಅಡಿ. 140ರಿಂದ ಭಾಗಿಸಿದರೆ 16.7 ಲೀಟರ್, 120ರಿಂದ ಭಾಗಿಸಿದರೆ 19.5. ಹೇಗೆ ನೋಡಿದರೂ 20 ಲೀಟರಿನ ಒಂದು ಬಕೆಟ್ ಸಾಕು. ಮೇಲಿನ 4 ಲೀಟರಿಗೆ ಸಾವಿರ ರೂಪಾಯಿಯ ಹತ್ತಿರ. (ಅದರಲ್ಲಿ 150 ರೂಪಾಯಿಗೂ ಹೆಚ್ಚು ಜಿಎಸ್‌ಟಿ! ಪೇಂಟಿನ ಮೇಲಿನ ತೆರಿಗೆ ಶೇ. 18. 2018ರ ಜುಲೈಗೆ ಮುಂಚೆ ಶೇ. 28 ಇತ್ತು.)

ಹೆಚ್ಚು ತಂದರೆ ವಾಪಸ್ ಕೊಡಬಹುದಲ್ಲ ಎಂದುಕೊಳ್ಳಬೇಡಿ. ಬಿಳಿ ಬೇಸ್‌ಗೆ ಮೆಷಿನ್‌ನಲ್ಲಿ ಬಣ್ಣ ಬೆರೆಸಿದ ಮೇಲೆ ಅದು ನಮ್ಮ ಗೋಡೆಗೆ ಮಾತ್ರ ಸಲ್ಲುವ ಮಾಲು, ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಕಡಿಮೆ ಬಿದ್ದರೂ ತೊಂದರೆಯೇ. ಎರಡನೇ ಸಲ ಬೆರೆಸಿದ್ದು ಒಂದು ಚೂರು ಬೇರೆಯಾದರೆ ಗೋಡೆಯ ನಡುವೆ ಗೆರೆ ಕಾಣುತ್ತದೆ.

ಚಾಚಾ "ನೋಡಿದೆಯಾ" ಎಂದು ನಕ್ಕರು. ನನಗೆ ಮಾತ್ರ ಹಾಗೆ ಮುಗಿಸಿಬಿಡಲು ಮನಸ್ಸಾಗಲಿಲ್ಲ. ಮೂವತ್ತು ವರ್ಷದಿಂದ ಬ್ರಷ್ ಹಿಡಿದವರಿಗೆ ಈ ಭಾಗಾಕಾರ ಗೊತ್ತಿಲ್ಲದೆ ಇರುತ್ತದೆಯೇ? ಮರುದಿನ ಅವರನ್ನೇ ಕೇಳಿದೆ: "ಅಣ್ಣಾ, ಆ ನಾಲ್ಕು ಲೀಟರ್ ಯಾವ ಗೋಡೆಗೆ?"

ಅವರು ಬೇಸರಿಸಲಿಲ್ಲ. ಹಾಲಿನ ಪಡುವಣ ಗೋಡೆ ಮತ್ತು ದಾದಿಯ ಮಂಚದ ಪಕ್ಕದ ಗೋಡೆ, ಎರಡನ್ನೂ ತೋರಿಸಿದರು. "ಇವೆರಡು ಕುಡಿತದೆ ಮಗಾ. ಡಬಲ್ ಹೋಗ್ತದೆ. ಚಂಡಿ ಉಂಟಲ್ಲ."

ನಾವು ಮನೆಯಲ್ಲಿ 'ಸೀಲನ್' ಎನ್ನುವುದೇ ಅವರ 'ಚಂಡಿ'. ನಮ್ಮದು ಕುದ್ರೋಳಿಯ ಹಳೆಯ ಕೆಂಪುಕಲ್ಲಿನ ಮನೆ. ಕೆಂಪುಕಲ್ಲಿನಲ್ಲಿ ತೂತುಗಳು ಹೆಚ್ಚು. ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಸುರಿಯುವ ಮಂಗಳೂರಿನ ಮಳೆ, ಗಾಳಿಯ ಜೊತೆ ಬಂದು ಹೊಡೆಯುವುದು ಆ ಪಡುವಣ ಗೋಡೆಗಳಿಗೇ. ಡಬ್ಬಿಯ ಮೇಲಿನ ಅಂಕಿ ನುಣುಪಾದ, ಒಣಗಿದ ಗೋಡೆಯದ್ದು. ಮೈಸೂರಿನಲ್ಲಿ 1937ರಲ್ಲಿ ಶುರುವಾದ ಸರ್ಕಾರಿ ಪೇಂಟ್ ಕಾರ್ಖಾನೆಯೇ 1962ರಿಂದ ಚುನಾವಣೆಯ ಶಾಯಿ ಮಾಡಿಕೊಡುತ್ತಿದೆ. 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಬೆರಳಿಗೆ ಬರುತ್ತದಂತೆ. ಬೆರಳುಗಳ ಲೆಕ್ಕ ಸುಲಭ, ಅವು ಕುಡಿಯುವುದಿಲ್ಲ.

ಆ ಎರಡು ಗೋಡೆ ಸೇರಿ 208 ಚದರ ಅಡಿ. ಲೀಟರಿಗೆ 130ರಂತೆ ಎರಡು ಕೋಟ್‌ಗೆ 3.2 ಲೀಟರ್ ಬೇಕು, ಡಬಲ್ ಎಂದರೆ ಇನ್ನೂ 3.2. ಅದೇ 130ರ ಲೆಕ್ಕದಲ್ಲಿ ಇಡೀ ಮನೆಗೆ 18, ಅದಕ್ಕೆ ಇದನ್ನು ಸೇರಿಸಿದರೆ 21.2. ಬಕೆಟ್ 20ರದ್ದು, ಅದರ ಮೇಲೆ ನಾಲ್ಕರ ಡಬ್ಬಿ. ಅವರು ಹೇಳಿದ 24 ಬಂದದ್ದು ಹೀಗೆ. ಕಾಗದವಿಲ್ಲದೆ ಅವರು ಹಾಕಿದ ಲೆಕ್ಕವನ್ನು ಚಾಚಾನ ಮುಂದೆ ಕಾಗದದಲ್ಲಿ ಬರೆದು ತೋರಿಸಿದೆ. ಟೋಕನ್ನಿನ ಮಾತು ಮತ್ತೆ ಬರಲಿಲ್ಲ.

ಈ ಲೆಕ್ಕದಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ಗೋಡೆಗೆ ಕುಡಿಸಲು ಸಾವಿರ ರೂಪಾಯಿ ಕೊಡುವ ಬದಲು, ಅದು ಕುಡಿಯುವುದನ್ನೇ ನಿಲ್ಲಿಸಬಾರದೇ? ದಾದಿಗೆ ಉಬ್ಬಸ. ಪ್ರತಿ ಜುಲೈಯಲ್ಲಿ ಆ ಗೋಡೆ ಕಪ್ಪಗೆ ಬೂಷ್ಟು ಹಿಡಿದಾಗ ಅವರ ಮಂಚ ಹಾಲಿಗೆ ಬರುತ್ತಿತ್ತು. ಅಣ್ಣ ಹೊರಗೆ ಹೋಗಿ ನೋಡಿದರು. ಕಿಟಕಿಯ ಕೆಳಗೆ ಸಿಮೆಂಟು ಬಿರುಕು ಬಿಟ್ಟಿತ್ತು. ಆ ಸಾವಿರಕ್ಕೆ ಅಮ್ಮಿ ಇನ್ನೂ ಒಂಬೈನೂರು ಸೇರಿಸಿದರು. ಬಿರುಕು ಮುಚ್ಚಿ, ಹೊರಗಡೆ ವಾಟರ್‌ಪ್ರೂಫ್ ಬಳಿದದ್ದಾಯಿತು.

ಆಮೇಲೆ ಏಪ್ರಿಲ್ ಬಿಸಿಲಿಗೆ ಮೂರು ವಾರ ಬಿಟ್ಟೆವು. ಒಣಗಿದೆಯೇ ಎಂದು ನೋಡುವ ಉಪಾಯವನ್ನೂ ಅಣ್ಣನೇ ಹೇಳಿಕೊಟ್ಟರು: ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪು ಹಾಕಿ ಅಂಟಿಸಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಒಳಬದಿಯಲ್ಲಿ ನೀರಿನ ಹನಿ ಕಂಡರೆ ಗೋಡೆ ಇನ್ನೂ ಚಂಡಿ. ಮೊದಲ ವಾರ ಹನಿಗಳಿದ್ದವು, ಮೂರನೇ ವಾರ ಇರಲಿಲ್ಲ. ಪ್ರೈಮರ್ ಹೊಡೆದ ಮೇಲೆ ಆ ಗೋಡೆಗಳೂ ಉಳಿದವುಗಳಷ್ಟೇ ಕುಡಿದವು.

20 ಲೀಟರಿನ ಬಕೆಟ್ ಸಾಕಾಗಿ ಒಂದು ಲೀಟರಿನಷ್ಟು ಉಳಿಯಿತು. ಅದನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಶೇಡ್ ನಂಬರ್, ತಿಂಗಳು, ಕೋಣೆಯ ಅಳತೆ ಬರೆದಿಟ್ಟಿದ್ದೇನೆ. ಇದು ಆಗಸ್ಟ್. ದಾದಿಯ ಮಂಚ ಈ ವರ್ಷ ಇನ್ನೂ ಹಾಲಿಗೆ ಬಂದಿಲ್ಲ.